ಹೆಸರಿಗೊಂದು ಬೇರೆ ಫೈಲು

ನಿಪ್ಪಾಣಿಯಿಂದ ಟೆಂಪೋದಲ್ಲಿ ಕೌದಿ ಸುತ್ತಿಕೊಂಡು ಬಂದ ಕಂಪ್ಯೂಟರನ್ನು ಮೇಜಿನ ಮೇಲಿಟ್ಟ ಕೂಡಲೇ ನಮ್ಮ ದವಾಖಾನೆಯ ಸಿಸ್ಟರ್ ಜೋರಾಗಿ ಸೀನಿದಳು. ಅದು ಒಬ್ಬ ತಂಬಾಕು ವ್ಯಾಪಾರಿಯ ಪೇಢಿಯಲ್ಲಿ ದುಡಿದು, ಅವರು ಹೊಸದು ಕೊಂಡ ಮೇಲೆ ನಮಗೆ ದಾನವಾಗಿ ಬಂದ ಯಂತ್ರ. ಕೀಲಿಮಣೆಯ ಗುಂಡಿಗಳ ಸಂದಿಯಲ್ಲೆಲ್ಲ ತಂಬಾಕಿನ ಪುಡಿ. ಬೋರಲು ಹಾಕಿ ಬಡಿದಷ್ಟೂ ಉದುರುತ್ತಿತ್ತು. ಒಳ್ಳೆಯ ಕೆಲಸಕ್ಕೆ ಕೂರುವಾಗ ಸೀನಬಾರದು ಎಂದು ಆಯಾ ಮುಖ ಸಿಂಡರಿಸಿದಳು. ಅಷ್ಟರಲ್ಲಿ ನಾನೂ ಸೀನಿದೆ. ಎರಡಾದರೆ ಶುಭ ಎಂದು ಸಮಾಧಾನ ಮಾಡಿದೆ.

ಇದು ತೊಂಬತ್ತರ ದಶಕದ ನಡುಭಾಗದ ಮಾತು. ಚಿಕ್ಕೋಡಿಯ ಒಂದು ಸಣ್ಣ ಹೆರಿಗೆ ದವಾಖಾನೆಯಲ್ಲಿ ಕೇಸ್ ಪೇಪರುಗಳನ್ನು ಜೋಡಿಸಿಡುವುದು ನನ್ನ ಕೆಲಸ. ದವಾಖಾನೆ ನಡೆಸುತ್ತಿದ್ದ ಡಾಕ್ಟರಮ್ಮನನ್ನು ಎಲ್ಲರೂ ಬಾಯಾರು ಎನ್ನುತ್ತಿದ್ದರು. ಮಾತು ಕಡಿಮೆ, ಆಡಿದರೆ ಸೂಜಿ ಚುಚ್ಚಿದ ಹಾಗೆ. ಕಂಪ್ಯೂಟರಿಗೆ ಸಿಸ್ಟರ್ ಕುಂಕುಮ ಹಚ್ಚುವುದನ್ನು ಬಾಗಿಲಲ್ಲೇ ನಿಂತು ನೋಡಿ, ನನ್ನ ಕಡೆ ತಿರುಗಿದರು.

"ಉಳದವ್ರ ಲೆಕ್ಕಾ ಆಮ್ಯಾಲ ಇಡು. ಮೊದಲ ನನಗ ಆ ಕರೋಶಿ ಹುಡುಗಿನ್ನ ಹುಡುಕಿ ಕೊಡು."

ಆ ಹುಡುಗಿ ಯಾರೆಂದು ನಮಗೆಲ್ಲ ಗೊತ್ತಿತ್ತು. ಪದ್ಮಾವತಿ ಎಂದಿಟ್ಟುಕೊಳ್ಳಿ, ನಿಜವಾದ ಹೆಸರು ಬೇಡ. ಮೂರು ವರ್ಷದ ಹಿಂದೆ ಚೊಚ್ಚಲ ಹೆರಿಗೆಗೆಂದು ಕರೋಶಿಯ ತವರಿಗೆ ಬಂದವಳು ನಮ್ಮಲ್ಲಿ ಹೆತ್ತಿದ್ದಳು. ಗಂಡು ಕೂಸು, ಸುಸೂತ್ರ ಹೆರಿಗೆ. ಆದರೆ ತಾಯಿಯ ರಕ್ತ ನೆಗೆಟಿವ್, ಕೂಸಿನದು ಪಾಸಿಟಿವ್. ಮೊದಲ ಕೂಸಿಗೆ ಇದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಹೆರಿಗೆಯ ಹೊತ್ತಿಗೆ ಕೂಸಿನ ರಕ್ತ ತಾಯಿಯ ಮೈಗೆ ಸೇರಿದರೆ ಅವಳ ರಕ್ತ ಆ ಹಗೆಯನ್ನು ನೆನಪಿಟ್ಟುಕೊಂಡು ಎರಡನೆಯ ಕೂಸಿನ ಮೇಲೆ ತೀರಿಸಿಕೊಳ್ಳಬಹುದು. ಮೂರು ದಿನದೊಳಗೆ ಒಂದು ಇಂಜೆಕ್ಷನ್ ಕೊಟ್ಟರೆ ಆ ಹಗೆ ಹುಟ್ಟುವುದೇ ಇಲ್ಲ. ಇಂಜೆಕ್ಷನ್ ಮಿರಜದಿಂದ ಬರಬೇಕಿತ್ತು. ಬರುವಷ್ಟರಲ್ಲಿ ತವರಿನವರು ಬಾಣಂತಿಯನ್ನು ಮನೆಗೆ ಕರೆದೊಯ್ದಿದ್ದರು. ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂದಿತ್ತು, ಅದು ದಾಟುವ ತನಕ ಬಾಣಂತಿಯನ್ನು ದಾರಿಗೆ ಹಾಕಬಾರದು, ಸೂಜಿ ಚುಚ್ಚಿಸಬಾರದು ಎಂಬುದು ಅವರ ರೂಢಿ. ನಮ್ಮ ಕಂಪೌಂಡರ್ ಐಸು ತುಂಬಿದ ಥರ್ಮಾಸಿನಲ್ಲಿ ಮದ್ದು ಹಿಡಿದು ಬಸ್ಸಿನಲ್ಲಿ ಕರೋಶಿಗೆ ಹೋದ. "ಅಮವಾಸಿ ದಾಟ್ಲಿ, ಆಮ್ಯಾಲ ನೋಡೂಣಂತ" ಎಂದು ಚಹಾ ಕುಡಿಸಿ ಕಳಿಸಿದರು. ಅಮಾವಾಸ್ಯೆ ದಾಟಿತು, ಮೂರು ದಿನವೂ ದಾಟಿತು.

ಮುಂದಿನ ವರ್ಷ ಆ ತಂದೆತಾಯಿ ಮಗ್ಗದ ಕೆಲಸ ಹುಡುಕಿಕೊಂಡು ಇಚಲಕರಂಜಿಗೆ ಹೋದರು. ಮಗಳನ್ನು ಎಲ್ಲಿಗೆ ಕೊಟ್ಟಿದ್ದಾರೆಂದು ಕರೋಶಿಯಲ್ಲಿ ವಿಚಾರಿಸಿದರೆ ಒಬ್ಬರು ಅಥಣಿ ಕಡೆ ಎಂದರು, ಒಬ್ಬರು ಕಾಗವಾಡ ಎಂದರು, ಮತ್ತೊಬ್ಬರು ರಾಯಬಾಗ ಎಂದರು. ಈ ಮೂರೂ ಕಡೆಗಳಿಂದ ನಮಗೆ ಹೆಣ್ಣುಮಕ್ಕಳು ಬರುತ್ತಿದ್ದರು. ತಿಂಗಳಿಗೊಮ್ಮೆ ನಮ್ಮ ಜೀಪು ಅಲಖನೂರಿಗೂ ಕೊಕಟನೂರಿಗೂ ಹೋಗಿ ಬಸುರಿಯರನ್ನು ನೋಡಿ ಬರುತ್ತಿತ್ತು. ಆ ಶಿಬಿರಗಳಲ್ಲಿ ರಕ್ತದ ಗುಂಪು ನೋಡುವ ಅನುಕೂಲವಿರಲಿಲ್ಲ. ಅದನ್ನು ಹೆರಿಗೆಗೆ ದಾಖಲಾದಾಗಲೇ ನೋಡುತ್ತಿದ್ದುದು, ಎರಡನೆಯ ಕೂಸಿನ ಮಟ್ಟಿಗೆ ಆಗ ತಿಳಿದು ಪ್ರಯೋಜನವಿರಲಿಲ್ಲ.

"ಎರಡನೇದು ಇಷ್ಟೊತ್ತಿಗೆ ನಿಂತಿರ್ತೈತಿ," ಎಂದರು ಬಾಯಾರು. "ಎಲ್ಯೋ ಒಂದ ಕಡೆ ನಮ್ಮ ಕಣ್ಣ ಮುಂದ ಹಾದು ಹೋಗಾಕತ್ತಿರ್ತಾಳ. ಆ ಕೂಸು ಉಳೀಬೇಕಂದ್ರ ಏಳು ತಿಂಗಳಾಗೂದ್ರಾಗ ಆಕಿ ನಮಗ ಸಿಗಬೇಕು."

ಕಲಿಸಲು ಬಂದವನು ನಿಪ್ಪಾಣಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಒಬ್ಬ ತರುಣ. ರವಿವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದ. ಅವನ ಮಾತು ಅರ್ಧ ಮರಾಠಿ, ಅರ್ಧ ಕನ್ನಡ, ನಡುನಡುವೆ ಫಾಕ್ಸ್‌ಪ್ರೊ. ಫಾಕ್ಸ್‌ಪ್ರೊ ಎಂದರೆ ಮಾಹಿತಿಯನ್ನು ಸಾಲುಸಾಲಾಗಿ ಇಟ್ಟು, ಬೇಕಾದಾಗ ತೆಗೆದುಕೊಡುವ ಸಾಫ್ಟ್‌ವೇರ್. ನಾವು ಅವನನ್ನು ಮಾಸ್ತರ ಎಂದು ಕರೆದೆವು. ನನಗಿಂತ ಹತ್ತು ವರ್ಷ ಚಿಕ್ಕವನಾದರೂ ಆ ಪದವಿ ಅವನಿಗೆ ಬಹಳ ಹಿಡಿಸಿತು.

ನನಗೆ ಗೊತ್ತಿದ್ದದ್ದು ಕೇಸ್ ಪೇಪರು ಮಾತ್ರ. ಹಾಗಾಗಿ ನಾನು ಕಟ್ಟಿದ ಮೊದಲ ಫೈಲು ಅಡ್ಡಕ್ಕೆ ಎಳೆದ ಕೇಸ್ ಪೇಪರಿನಂತೆಯೇ ಇತ್ತು. ಹೆಸರು, ಗಂಡನ ಹೆಸರು, ಊರು, ರಕ್ತದ ಗುಂಪು, ಮೊದಲ ಹೆರಿಗೆಯ ತಾರೀಖು, ಎರಡನೆಯದರದು, ಮೂರನೆಯದರದು. ಮಾಸ್ತರ ಗದ್ದಕ್ಕೆ ಕೈಯಿಟ್ಟು ನೋಡುತ್ತಿದ್ದ.

"ಅಕ್ಕಾರ, ನಾಕನೇದು ಹಡದ್ರ ಎಲ್ಲಿ ಬರೀತೀರಿ?"

"ಇನ್ನೊಂದು ಕಾಲಮ್ ಹಾಕಿದ್ರಾತು."

"ಎಂಟನೇದು?"

"ಈಗಿನ ಕಾಲದಾಗ ಅಷ್ಟ ಯಾರ ಹಡಿತಾರೋ?"

ಬಾಗಿಲಲ್ಲಿ ಕಸ ಹೊಡೆಯುತ್ತಿದ್ದ ಆಯಾ ತಲೆ ಎತ್ತದೆ ಹೇಳಿದಳು. "ನಾ ಒಂಬತ್ತ ಹಡದೇನ್ರಿ."

ಮಾಸ್ತರ ಮೇಜು ಬಡಿದು ನಕ್ಕ. ನಾನೂ ನಕ್ಕೆ, ಆದರೆ ಒಳಗೊಳಗೇ ಸಿಟ್ಟು ಬಂದಿತ್ತು. ನಕ್ಕು ಮುಗಿಸಿ ಅವನು ಗಂಭೀರನಾದ. "ಬಘಾ ಅಕ್ಕಾರ, ಹೆಣ್ಣುಮಗಳು ಒಬ್ಬಾಕಿ. ಹೆರಿಗಿ ಎಷ್ಟರ ಆಗ್ಲಿ. ಆಕಿಗೊಂದು ಫೈಲು, ಹೆರಿಗಿಗೊಂದು ಫೈಲು. ನಡುವ ಒಂದ ದೋರಿ, ದಾರ ಇದ್ದಂಗ, ಕಟ್ಟೂದು. ಅದಕ್ಕ ರಿಲೇಶನ್ ಅಂತಾರ."

ಒಂದು ಫೈಲಿಗೆ ತಾಯಿ ಎಂದು ಹೆಸರಿಟ್ಟೆ, ಇನ್ನೊಂದಕ್ಕೆ ಹೆರಿಗೆ. ಎರಡನ್ನೂ ತೆರೆದು, ಸೆಟ್ ರಿಲೇಶನ್ ಎಂಬ ಆಜ್ಞೆ ಕೊಟ್ಟು, ಪರದೆಯ ಮೇಲೆ ಎರಡು ಕಿಟಕಿಗಳನ್ನು ಅಕ್ಕಪಕ್ಕ ನಿಲ್ಲಿಸಿದಾಗ ಆದ ಸಂತೋಷವನ್ನು ಈಗಲೂ ಮರೆತಿಲ್ಲ. ಹೆರಿಗೆಯ ಕಿಟಕಿಯಲ್ಲಿ ನಾನು ಒಂದು ಸಾಲು ಕೆಳಗಿಳಿದರೆ ತಾಯಿಯ ಕಿಟಕಿ ತಾನೇ ಓಡಿಹೋಗಿ ಆ ಹೆರಿಗೆಯವಳನ್ನು ಹಿಡಿದು ನಿಲ್ಲಿಸುತ್ತಿತ್ತು. ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ, ಒಂದು ತಿರುಗಿದರೆ ಇನ್ನೊಂದೂ ತಿರುಗಬೇಕು. ಆ ದಿನ ಸುಮ್ಮನೆ ಬಾಣದ ಗುಂಡಿ ಒತ್ತುತ್ತ ಕುಳಿತೆ. ಸಿಸ್ಟರ್ ಬಂದು, "ಏನ ಆಟಾ ಆಡಾಕತ್ತೀರಿ?" ಎಂದು ಗದರಿದಳು.

ದೋರಿಯ ಗಂಟು ಯಾವುದು ಎಂಬ ಪ್ರಶ್ನೆ ಬಂತು. ಎರಡೂ ಫೈಲುಗಳಲ್ಲಿ ಒಂದೇ ಆಗಿರುವಂಥದ್ದೇನಾದರೂ ಬೇಕು. ಬರಿಯ ಹೆಸರು ಸಾಲದು, ಅಕ್ಕಮಹಾದೇವಿಯರೇ ನಮ್ಮಲ್ಲಿ ಒಂದು ವಾರ್ಡು ತುಂಬುವಷ್ಟಿದ್ದರು. ಹೆಸರು, ಗಂಡನ ಹೆಸರು, ಊರು, ಈ ಮೂರನ್ನೂ ಕೂಡಿಸಿ ಗಂಟು ಹಾಕೋಣ ಎಂದ ಮಾಸ್ತರ. ಮೂರೂ ಒಂದೇ ಆಗಿರುವ ಇಬ್ಬರು ಸಿಗುವುದು ಅಪರೂಪ. ನನಗೂ ಬರೋಬರಿ ಎನ್ನಿಸಿತು.

ಕಪಾಟಿನ ಕೇಸ್ ಪೇಪರುಗಳನ್ನು ಇಳಿಸಿ ತುಂಬಲು ಶುರುಮಾಡಿದೆ. ಹಳೆಯ ಹೆರಿಗೆಗಳು, ಹೊಸವು, ಶಿಬಿರಗಳಲ್ಲಿ ನೋಡಿದ ಬಸುರಿಯರು, ಎಲ್ಲರೂ ಒಳಗೆ ಹೋದರು. ಎರಡನೆಯ ಸಲ ಬಂದವಳಾದರೆ ಅವಳ ಮೊದಲ ಹೆರಿಗೆಯ ಸಾಲು ತಾನೇ ಎದ್ದು ಬರಬೇಕು, ರಕ್ತದ ಗುಂಪೂ ಜೊತೆಗೆ ಬರಬೇಕು. ಕರೋಶಿಯ ಪದ್ಮಾವತಿಯ ಸಾಲು ತುಂಬುವಾಗ ಎರಡೆರಡು ಸಲ ಓದಿ ನೋಡಿದೆ. ಇನ್ನೇನು, ಅವಳು ಎಲ್ಲಿ ಬಂದರೂ ಯಂತ್ರ ಕೂಗಿ ಹೇಳುತ್ತದೆ ಎಂದು ನಂಬಿದ್ದೆ.

ತುಂಬಿ ಮುಗಿದ ಮೇಲೆ ಬಾಯಾರನ್ನು ಕರೆದು ತೋರಿಸಿದೆವು. ತಾಯಿಯ ಫೈಲಿನಿಂದ ಹೆರಿಗೆಯ ಫೈಲಿಗೆ ದೋರಿ ಕಟ್ಟಿ, ಒಬ್ಬೊಬ್ಬಳಿಗೆ ಎಷ್ಟು ಹೆರಿಗೆ ಎಂದು ತೋರಿಸುವುದು ಮಾಸ್ತರನ ಯೋಜನೆ. ಎಲ್ಲರ ಮುಂದೆಯೂ ಒಂದೊಂದೇ ಹೆರಿಗೆ ಬಂತು. ಪುಟದ ಮೇಲೆ ಪುಟ ತಿರುವಿದರೂ ಒಂದೇ ಒಂದು.

"ನಮ್ಮ ಕಡೆ ಎಲ್ಲಾರೂ ಒಂದಕ್ಕ ನಿಲ್ಲಿಸ್ಯಾರ ಅಂದಂಗಾತು," ಎಂದರು ಬಾಯಾರು. "ಸರಕಾರದವ್ರಿಗೆ ಹೇಳ್ರಿ, ಮೆಡಲ್ ಕೊಟ್ಟಾರು."

ಮಾಸ್ತರನ ಕಿವಿ ಕೆಂಪಾದವು. ಮುಂದಿನ ರವಿವಾರ ಕೊಲ್ಲಾಪುರದಿಂದ ತರಿಸಿದ ದಪ್ಪ ಪುಸ್ತಕ ಹಿಡಿದು ಬಂದ. ಒಬ್ಬ ತಾಯಿಗೆ ಹಲವು ಹೆರಿಗೆಗಳಿದ್ದರೆ ದೋರಿ ಮೊದಲನೆಯದಕ್ಕೆ ಹೋಗಿ ನಿಂತುಬಿಡುತ್ತದೆ, ಉಳಿದವುಗಳ ಮೇಲೂ ನಡೆಯುತ್ತ ಹೋಗಬೇಕಾದರೆ ಸೆಟ್ ಸ್ಕಿಪ್ ಎಂದು ಪ್ರತ್ಯೇಕವಾಗಿ ಹೇಳಬೇಕು. ಹೇಳಿದೆವು. ಬೆರಳೆಣಿಕೆಯ ತಾಯಂದಿರಿಗೆ ಎರಡನೆಯ ಸಾಲು ಬಂತು, ಉಳಿದವರು ಹಾಗೇ ಇದ್ದರು. ಕರೆಂಟು ಹೋದಾಗ ಇಂಡೆಕ್ಸ್ ಕೆಟ್ಟಿರಬೇಕು ಎಂದು ಅದನ್ನು ಅಳಿಸಿ ಮತ್ತೆ ಕಟ್ಟಿದೆವು. ಇಂಡೆಕ್ಸ್ ಎಂದರೆ ಸಾಲುಗಳು ಎಲ್ಲೆಲ್ಲಿವೆ ಎಂದು ಯಂತ್ರ ಇಟ್ಟುಕೊಳ್ಳುವ ಗುರುತು. ಅದೂ ಸರಿಯಿತ್ತು.

ಸಿಟ್ಟಿಗಿಂತ ಹೆಚ್ಚಾಗಿ ನನಗೆ ಕುತೂಹಲ ಹತ್ತಿತು. ಹೆರಿಗೆಯ ಫೈಲನ್ನು ಒಂಟಿಯಾಗಿ ತೆರೆದು ನೋಡಿದೆ. ಮೊದಲ ಹೆರಿಗೆಗಳು ಬೇಕಾದಷ್ಟಿದ್ದವು. ಎರಡನೆಯ ಹೆರಿಗೆಗಳೂ ಬೇಕಾದಷ್ಟಿದ್ದವು. ಕೇಸ್ ಪೇಪರಿನಲ್ಲಿ 'ಮೊದಲನೆಯದು ಇಲ್ಲಿಯೇ ಆಗಿದೆ' ಎಂದು ಬರೆದವರೂ ಇದ್ದರು. ಆದರೆ ಎರಡೂ ಕೂಡಿ ಒಬ್ಬಳೇ ಆಗುವವಳು ಸಿಗುತ್ತಿರಲಿಲ್ಲ. ಮೊದಲ ಹೆರಿಗೆಯಾದವಳು ಎರಡನೆಯದಕ್ಕೆ ಬರುತ್ತಿಲ್ಲ, ಎರಡನೆಯದಕ್ಕೆ ಬಂದವಳು ಮೊದಲನೆಯದನ್ನು ಹೆತ್ತೇ ಇಲ್ಲ! ಇದು ಯಂತ್ರದ ತಪ್ಪೋ, ನಮ್ಮ ಸೀಮೆಯ ಹೆಣ್ಣುಮಕ್ಕಳ ಮಾಯೆಯೋ ತಿಳಿಯದೆ ನಾನೂ ಮಾಸ್ತರನೂ ಜಗಳಾಡಿದೆವು. ಅವನು ನಾನು ತಪ್ಪು ತುಂಬಿದ್ದೇನೆ ಎಂದ. ನಾನು ಅವನಿಗೆ ಕಲಿಸಲು ಬರುವುದಿಲ್ಲ ಎಂದೆ.

ಹಾಗೆ ಜಗಳಾಡುತ್ತಿದ್ದ ರವಿವಾರವೇ ಹೊರಗಿನ ಕೌಂಟರಿನಲ್ಲಿ ಗದ್ದಲವಾಯಿತು. ಯಾರೋ ಮುದುಕಿ ಕೈಚೀಲ ಹಿಡಿದು ಸಿಸ್ಟರ್ ಜೊತೆ ವಾದ ಮಾಡುತ್ತಿದ್ದಳು.

"ಗೌರಾನ್ನ ಕರೀರಿ."

"ಗೌರಾ ಅನ್ನಾವ್ರು ಇಲ್ಲಿ ಯಾರೂ ಅಡ್ಮಿಟ್ ಆಗಿಲ್ಲಬೇ."

"ಅಡ್ಮಿಟ್ ಯಾಕ ಆಗ್ತಾಳ? ಇಲ್ಲೇ ಕೆಲಸ ಮಾಡ್ತಾಳ."

"ಆ ಹೆಸರಿನಾಕಿ ಕೆಲಸದಾಗೂ ಇಲ್ಲ. ಬ್ಯಾರೆ ದವಾಖಾನಿ ಇರಬೇಕು ನೋಡ್ರಿ."

ನಾನು ಒಳಗಿನಿಂದಲೇ "ಬಂದೆ ಅವ್ವಾ" ಎಂದು ಎದ್ದೆ. ಮುದುಕಿ ನನ್ನ ತಾಯಿ, ರಾಯಬಾಗದ ತವರಿನಿಂದ ಬಂದವಳು. ಮದುವೆಯಲ್ಲಿ ಅಕ್ಕಿ ತುಂಬಿದ ತಾಟಿನಲ್ಲಿ ನನ್ನ ಗಂಡ ಬೆರಳಿನಿಂದ ಸುಮಿತ್ರಾ ಎಂದು ಬರೆದಂದಿನಿಂದ ಚಿಕ್ಕೋಡಿಯಲ್ಲಿ ನಾನು ಸುಮಿತ್ರಾ. ಹೊಸದಾಗಿ ಸೇರಿದ ಸಿಸ್ಟರಿಗೆ ಗೌರಾ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಮಾಸ್ತರ ಕುರ್ಚಿಯಿಂದ ಅರ್ಧ ಎದ್ದು ನನ್ನನ್ನೇ ನೋಡುತ್ತಿದ್ದ.

"ಅಕ್ಕಾರ, ನಿಮಗ ಎರಡ ಹೆಸರ ಅದಾವೇನು?"

"ಎಲ್ಲಾರಿಗೂ ಇರ್ತಾವಲ್ಲೋ," ಎಂದೆ. ಅಂದ ಮೇಲೆ ನಾನು ಏನು ಹೇಳಿದೆನೆಂದು ನನಗೇ ಕೇಳಿಸಿತು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಚೊಚ್ಚಲ ಹೆರಿಗೆ ತವರಿನಲ್ಲಿ. ಕರೆದುಕೊಂಡು ಬರುವವಳು ತಾಯಿ, ಅವಳು ಹೇಳುವುದು ಹುಟ್ಟಿದಾಗಿನ ಹೆಸರು. ಊರು ಕೇಳಿದರೆ ತವರೂರು. ಗಂಡನ ಹೆಸರನ್ನು ಮಗಳಂತೂ ಬಾಯಿಬಿಟ್ಟು ಹೇಳುವುದಿಲ್ಲ, ತಾಯಿಯೂ ಅಳಿಯನ ಹೆಸರು ಹಿಡಿಯುವುದಿಲ್ಲ. ಆ ಜಾಗದಲ್ಲಿ ತಂದೆಯ ಹೆಸರು ಕುಳಿತುಕೊಳ್ಳುತ್ತದೆ. ಎರಡನೆಯ ಹೆರಿಗೆಗೆ ಕರೆತರುವವಳು ಅತ್ತೆ. ಆಗ ಹೆಸರು ಬೇರೆ, ಊರು ಬೇರೆ, ಗಂಡನ ಹೆಸರು ಬೇರೆ. ಮಾಸ್ತರ ಭದ್ರವೆಂದು ಹಾಕಿದ ಗಂಟಿನ ಮೂರೂ ಎಳೆಗಳು ಒಟ್ಟಿಗೇ ಬದಲಾಗುತ್ತಿದ್ದವು. ಅವನ ಪುಸ್ತಕ ಬರೆದವರ ದೇಶದಲ್ಲಿ ಹೀಗಿರಲಿಕ್ಕಿಲ್ಲ. ನನ್ನ ದೇಶದಲ್ಲಿ ಇತ್ತು, ನನ್ನ ಮೈಮೇಲೇ ಇತ್ತು. ಆದರೂ ಹೊಳೆದಿರಲಿಲ್ಲ.

ಅವ್ವ ತಂದಿದ್ದ ಶೇಂಗಾ ಹೋಳಿಗೆ ತಿನ್ನುತ್ತ ಮೂವರೂ ಕುಳಿತೆವು. ಹಾಗಾದರೆ ಬದಲಾಗದೆ ಉಳಿಯುವುದು ಯಾವುದು ಎಂದು ಮಾಸ್ತರ ಕೇಳಿದ. ತಾವು ಹುಟ್ಟಿದ ತಾರೀಖು ಅರ್ಧ ಜನಕ್ಕೆ ಗೊತ್ತಿಲ್ಲ. ಮೈಮೇಲಿನ ಮಚ್ಚೆ ನೋಡಿ ಬರೆಯಲು ನಾವು ಪೊಲೀಸರಲ್ಲ. ಅವ್ವ ಮಾತು ಕೇಳುತ್ತಿದ್ದವಳು, ನನ್ನ ಮಗನ ಸುದ್ದಿ ತೆಗೆದಳು. "ಮೊಮ್ಮಗ ಸೀಗಿ ಹುಣ್ಣಿವಿಗೆ ಎಂಟ ವರ್ಷದಾವ ಆಗ್ತಾನಲ್ಲ?" ಅವನು ಹುಟ್ಟಿದ ದಿನ ತವರಿನಲ್ಲೂ ಅದೇ, ಗಂಡನ ಮನೆಯಲ್ಲೂ ಅದೇ. ಗೌರಾ ಹೆತ್ತದ್ದೂ ಅವನನ್ನೇ, ಸುಮಿತ್ರಾಳ ಮಗನೂ ಅವನೇ. ನನ್ನ ಕೈಯಲ್ಲಿನ ಹೋಳಿಗೆ ಅಲ್ಲೇ ನಿಂತಿತು.

ಸೋಮವಾರ ಬಾಯಾರ ಮುಂದೆ ಹೋಗಿ, ಕಟ್ಟಿದ್ದನ್ನು ಒಡೆಯಬೇಕು ಎಂದೆ. ತಾಯಿಯ ಫೈಲಿನಿಂದ ಹೆಸರನ್ನೂ ಊರನ್ನೂ ಹೊರಗೆ ಹಾಕುತ್ತೇನೆ, ಅಲ್ಲಿ ಒಂದು ಸಂಖ್ಯೆ ಮತ್ತು ರಕ್ತದ ಗುಂಪು ಮಾತ್ರ ಇರಲಿ. ಹೆಸರಿಗೆ ಬೇರೆಯೇ ಫೈಲು. ಒಂದು ಸಂಖ್ಯೆಗೆ ಎಷ್ಟು ಹೆಸರು ಬೇಕಾದರೂ ಇರಲಿ, ಯಾರ ಮನೆಯ ಹೆಸರು ಎಂದು ಪಕ್ಕದಲ್ಲಿ ಬರೆಯೋಣ. ಇಬ್ಬರು ಒಬ್ಬಳೇ ಹೌದೋ ಅಲ್ಲವೋ ಎಂಬುದನ್ನು ಮೊದಲ ಕೂಸು ಹುಟ್ಟಿದ ದಿನದಿಂದ ಹಿಡಿಯೋಣ.

"ಎಲ್ಲಾ ಮತ್ತ ತುಂಬಾಕ ಎಷ್ಟ ದಿನಾ ಬೇಕು?" ಎಂದರು ಬಾಯಾರು. "ಬಸರಿ ಹೊಟ್ಟಿ ನಿನ್ನ ಕಂಪ್ಯೂಟರಿನ ಸಲುವಾಗಿ ನಿಂದರೂದಿಲ್ಲ."

ಅದಕ್ಕೆ ಮಾಸ್ತರನೊಂದಿಗೆ ಹಾದಿ ಹುಡುಕಿಯೇ ಬಂದಿದ್ದೆ. ಮತ್ತೆ ತುಂಬುವುದು ಬೇಡ. ಈಗಿರುವ ಪ್ರತಿ ಸಾಲಿಗೂ ಕುರುಡಾಗಿ ಒಂದೊಂದು ಸಂಖ್ಯೆ ಕೊಡುವುದು, ಒಬ್ಬಳೇ ಎರಡು ಸಂಖ್ಯೆ ಪಡೆದರೂ ಅಡ್ಡಿಯಿಲ್ಲ. ಗುರುತು ಸಿಕ್ಕಂತೆ ಎರಡನೆಯ ಸಂಖ್ಯೆಯನ್ನು ಮೊದಲನೆಯದರೊಳಗೆ ಕೂಡಿಸುತ್ತ ಹೋಗುವುದು. ಬಾಯಾರು ಕನ್ನಡಕ ತೆಗೆದು ಒರೆಸಿದರು. ಅವರು ಒಪ್ಪಿದಾಗ ಮಾಡುವುದು ಅದೊಂದನ್ನೇ.

ಕಷ್ಟವಿದ್ದದ್ದು ಕೇಳುವುದರಲ್ಲಿ. ಮುಂದಿನ ಅಲಖನೂರ ಶಿಬಿರಕ್ಕೆ ನಾನೂ ಜೀಪಿನಲ್ಲಿ ಹೋದೆ. ಶಾಲೆಯ ಪಡಸಾಲೆಯಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕುಳಿತಿದ್ದರು, ಪ್ರತಿಯೊಬ್ಬಳ ಪಕ್ಕದಲ್ಲೂ ಅತ್ತೆ. ತವರಿನಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಿದ್ದರು ಎಂದು ಕೇಳಿದರೆ ಎಲ್ಲರ ಕಣ್ಣೂ ಅತ್ತೆಯ ಕಡೆಗೆ. ಕೊನೆಗೆ ನಾನೇ ಮೊದಲು ಹೇಳಿದೆ.

"ನನಗ ತವರಾಗ ಗೌರಾ ಅಂತಿದ್ರು. ಇಲ್ಲಿ ಸುಮಿತ್ರಾ ಅಂತಾರ. ಗೌರಾ ಅಂತ ಯಾರರ ಕರದ್ರ ಇನ್ನೂ ಓಡಿ ಹೋಗ್ತೀನಿ."

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಒಬ್ಬಳು, "ನನಗ ಬಾಳವ್ವ ಅಂತಿದ್ರು ನೋಡ್ರಿ," ಎಂದಳು. "ಭಾಳ ದಿನಾ ಆಗಿತ್ರಿ ಈ ಹೆಸರು ಹೇಳಿ." ಹೇಳುವಾಗ ಅವಳ ಮುಖವೇ ಬೇರೆಯಾಯಿತು. ಮದುವೆಗೆ ಮುಂಚಿನ ಮುಖ ಅದು. ಅವಳನ್ನು ನೋಡಿ ಪಕ್ಕದವಳು ಹೇಳಿದಳು, ಅವಳನ್ನು ನೋಡಿ ಇನ್ನೊಬ್ಬಳು. ನನ್ನ ಕೈ ಬರೆದು ಸೋತಿತು, ಮನಸ್ಸು ಮಾತ್ರ ಹಗುರಾಗಿತ್ತು.

ಮೊದಲ ಸಾಲಿನ ತುದಿಯಲ್ಲಿ ಒಬ್ಬ ಎತ್ತರದ ಅತ್ತೆ ಕುಳಿತಿದ್ದಳು. ಜೈನರ ದೊಡ್ಡ ಕಮತದ ಮನೆ, ಸೆರಗು ಒಂದಿಷ್ಟೂ ಜಾರದ ಹೆಂಗಸು. ಪಕ್ಕದಲ್ಲಿ ಆರು ತಿಂಗಳ ಬಸುರಿ ಸೊಸೆ.

"ನಮ್ಮ ಸೊಸಿ ಹೆಸರು ರಾಜಮತಿ. ಬರಕೋರಿ."

"ತವರಿನ ಹೆಸರು?"

"ಅದ್ಯಾಕ ಬೇಕ್ರಿ? ಆಕಿ ಈಗ ನಮ್ಮ ಮನ್ಯಾಗಿನಾಕಿ."

ಸೊಸೆ ನೆಲ ನೋಡುತ್ತಿದ್ದ ತಲೆ ಎತ್ತಲಿಲ್ಲ. ತವರೂರು ಕೇಳಿದೆ. ಇಚಲಕರಂಜಿ ಎಂದಳು ಅತ್ತೆ. ಮೊದಲ ಕೂಸು ಯಾವಾಗ, ಎಲ್ಲಿ ಹುಟ್ಟಿತು ಎಂದು ಕೇಳಿದಾಗ ಮಾತ್ರ ಅವಳ ಮುಖ ಸಡಿಲವಾಯಿತು. ಮೊಮ್ಮಗನ ವಿಷಯವಲ್ಲವೆ? "ಗಂಡು ಹುಡುಗರಿ. ಈಗ ಮೂರ ಮುಗದಾವ. ಮಣ್ಣೆತ್ತಿನ ಅಮವಾಸಿ ಇನ್ನ ಎರಡ ದಿನಾ ಐತಿ ಅನ್ನೂದ್ರಾಗ ಚಿಕ್ಕೋಡಿ ದವಾಖಾನ್ಯಾಗ ಹುಟ್ಟಿದಾಂವ." ಅಷ್ಟನ್ನೇ ಬರೆದುಕೊಂಡೆ. ಇಚಲಕರಂಜಿ ಎಂಬುದು ತಲೆಯಲ್ಲಿ ಏನನ್ನೋ ತಟ್ಟಿತು, ಆದರೆ ಹಿಂದೆ ಇನ್ನೂ ಸಾಲು ಇತ್ತು. ನಮ್ಮ ಸೀಮೆಯ ಎಷ್ಟೋ ಮನೆಯವರು ಆ ಊರಿಗೆ ಹೋಗಿದ್ದರು, ಆ ಅಮಾವಾಸ್ಯೆಯ ಆಚೀಚೆ ನಮ್ಮಲ್ಲಿ ಹೆತ್ತವರೂ ಇವಳೊಬ್ಬಳೇ ಅಲ್ಲ.

ಮರುದಿನ ಮುಂಜಾನೆ ಹೊಸ ಹೆಸರುಗಳನ್ನು ತುಂಬಿದೆ. ಹಬ್ಬಗಳನ್ನು ತಾರೀಖಿಗೆ ತಿರುಗಿಸಲು ಹಳೆಯ ಕ್ಯಾಲೆಂಡರುಗಳನ್ನು ಆಯಾಳ ಟ್ರಂಕಿನಿಂದ ತರಿಸಿದ್ದೆ, ಅವಳು ದೇವರ ಚಿತ್ರಕ್ಕೆಂದು ಒಂದನ್ನೂ ಎಸೆದಿರಲಿಲ್ಲ. ಒಬ್ಬೊಬ್ಬಳ ಮೊದಲ ಕೂಸಿನ ದಿನವನ್ನು ಹಿಡಿದು, ಆ ದಿನಗಳ ಆಚೀಚೆ ನಮ್ಮಲ್ಲಾದ ಚೊಚ್ಚಲ ಹೆರಿಗೆಗಳನ್ನು ಹೆರಿಗೆಯ ಫೈಲಿನಿಂದ ತೆಗೆ, ಅವುಗಳ ತಾಯಿಯನ್ನೂ ಹೆಸರನ್ನೂ ಪಕ್ಕದಲ್ಲಿ ತೋರಿಸು ಎಂದು ಆಜ್ಞೆ ಬರೆದೆ. ಮೂರು ಫೈಲು, ಎರಡು ದೋರಿ. ಮೊದಲ ಕೆಲವು ಹೆಸರುಗಳಿಗೆ ಯಾರೂ ಬರಲಿಲ್ಲ. ಬಾಳವ್ವನಿಗೆ ಬಾಳವ್ವನೇ ಬಂದಳು. ರಾಜಮತಿಯ ಸರದಿ ಬಂದಾಗ ಯಂತ್ರ ಸ್ವಲ್ಪ ಹೊತ್ತು ಕೆರೆದುಕೊಂಡು, ನಾಲ್ಕು ಸಾಲು ಕೊಟ್ಟಿತು. ಎರಡು ಹೆಣ್ಣು ಕೂಸುಗಳು, ಅವನ್ನು ಬಿಟ್ಟೆ. ಒಂದು ಗಂಡು, ತಾಯಿ ನಿಪ್ಪಾಣಿಯವಳು, ಅವಳ ತವರು ಈಗಲೂ ನಿಪ್ಪಾಣಿಯಲ್ಲೇ ಇದ್ದದ್ದು ಸಿಸ್ಟರಿಗೆ ಗೊತ್ತಿತ್ತು. ಕೊನೆಯ ಸಾಲು, ಪದ್ಮಾವತಿ, ಕರೋಶಿ. ರಕ್ತ ನೆಗೆಟಿವ್.

ಓಡಿಹೋಗಿ ಬಾಯಾರನ್ನು ಕರೆದುಕೊಂಡು ಬಂದೆ. ಅವರು ಪರದೆಯ ಮೇಲೆ ಬೆರಳಿಟ್ಟು ಓದಿದರು. ರಾಜಮತಿ, ಅಲಖನೂರ. ಶಿಬಿರಕ್ಕೆ ಇದು ಅವಳ ಮೂರನೆಯ ಸಲ. ಹಿಂದಿನ ಎರಡೂ ಸಲ ಬಾಯಾರೇ ಅವಳ ಹೊಟ್ಟೆ ಮುಟ್ಟಿ ನೋಡಿದ್ದರು. ನೂರಾರು ಮುಖ ನೋಡುವವರಿಗೆ, ಸೆರಗು ಮುಂದೆಳೆದುಕೊಂಡ ಒಂದು ಮುಖ ನೆನಪಿರುವುದಾದರೂ ಹೇಗೆ?

"ಬಗಲಾಗ ಕೂಸ ಇಟಗೊಂಡು ಊರೆಲ್ಲಾ ಹುಡುಕಿದಂಗಾತಲ್ಲ," ಎಂದರು. ಹಾಗೆಂದವರೇ ಜೀಪು ತೆಗೆಯಲು ಕೂಗಿ ಹೇಳಿದರು. ಅವರು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಜೀಪು ಅಂದೇ ಅಲಖನೂರಿಗೆ ಹೋಯಿತು. ಬಾಯಾರೇ ಅತ್ತೆಯ ಮುಂದೆ ಕುಳಿತು, ಮಣ್ಣೆತ್ತಿನ ಅಮಾವಾಸ್ಯೆಯ ಇಂಜೆಕ್ಷನ್ನಿನಿಂದ ಹಿಡಿದು ಎಲ್ಲವನ್ನೂ ಹೇಳಿದರು. ಅತ್ತೆ ಕೇಳಿ ಮುಗಿದ ಮೇಲೆ ಸೊಸೆಯ ಕಡೆ ತಿರುಗಿ, "ನಿನಗ ಗೊತ್ತಿತ್ತೇನ ಇದು?" ಎಂದಳು. ಗೊತ್ತಿರಲಿಲ್ಲ. ಕರೋಶಿಯಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ. ನಾನು ಮೆಲ್ಲಗೆ "ಪದ್ಮಾ" ಎಂದೆ. ಅವಳು ತಟ್ಟನೆ ತಲೆ ಎತ್ತಿದಳು. ಆ ಮನೆಯಲ್ಲಿ ಹಿರಿಯ ಸೊಸೆಯ ಹೆಸರೂ ಪದ್ಮಾ ಆಗಿದ್ದರಿಂದ ಇವಳಿಗೆ ಬೇರೆ ಹೆಸರಿಟ್ಟಿದ್ದರು, ಅಷ್ಟೇ ಕಥೆ.

ಮಿರಜದಲ್ಲಿ ರಕ್ತ ಪರೀಕ್ಷೆಯಾಯಿತು. ಹಗೆ ಹುಟ್ಟಿತ್ತು, ಮತ್ತು ಬೆಳೆಯುತ್ತಿತ್ತು. ಅಲ್ಲಿನ ಡಾಕ್ಟರರು ವಾರವಾರವೂ ನೋಡಿದರು, ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಿದರು, ಹುಟ್ಟಿದ ಕೂಸಿನ ರಕ್ತವನ್ನು ಬದಲಾಯಿಸಿದರು. ಅಷ್ಟೂ ದಿನ ಅತ್ತೆ ಮಿರಜದ ಬಸದಿಯ ಪಕ್ಕದ ಒಂದು ಕೋಣೆ ಹಿಡಿದು, ಸೊಸೆಗೆ ಅಡುಗೆ ಮಾಡಿ ಹಾಕಿದಳಂತೆ. ಹೆಣ್ಣು ಕೂಸು. ಬದುಕಿತು. ಸುದ್ದಿ ಬಂದ ದಿನ ಮಾಸ್ತರ ನಿಪ್ಪಾಣಿಯಿಂದ ಪೇಢೆ ತಂದ. ನಾನು ಎರಡು ಸಂಖ್ಯೆಗಳನ್ನು ಒಂದಾಗಿ ಕೂಡಿಸುವ ಆಜ್ಞೆ ಬರೆದು, ಗುಂಡಿ ಒತ್ತಲು ಬಾಯಾರನ್ನು ಕರೆದೆ. ಅವರು ಒತ್ತಿದರು. ಒಂದು ಸಂಖ್ಯೆ, ಎರಡು ಹೆಸರು, ಎರಡು ಹೆರಿಗೆ.

ಮುಂದಿನ ಸುಗ್ಗಿಯ ಹೊತ್ತಿಗೆ ಆ ಅತ್ತೆ ಕೌಂಟರಿಗೆ ಬಂದು ನಿಂತಳು. ಜೊತೆಯಲ್ಲಿ ಹೊಸ ಬಸುರಿ, ಅವಳ ಕೊನೆಯ ಸೊಸೆ. ನಾನು ಕೇಳುವ ಮೊದಲೇ ಶುರುಮಾಡಿದಳು.

"ಇಕಿ ನಮ್ಮನ್ಯಾಗ ಸುಜಾತಾ, ತವರಾಗ ಕಲ್ಲವ್ವ. ತವರು ಕೊಕಟನೂರ ಹತ್ರ. ಎರಡೂ ಬರಕೋರಿ."

ಬರೆದುಕೊಂಡೆ. ಸೊಸೆಯನ್ನು ಸಿಸ್ಟರ್ ಒಳಗೆ ಕರೆದೊಯ್ದಳು. ಮುದುಕಿ ಹೋಗಲಿಲ್ಲ. ನನ್ನ ಮೇಜಿನ ಅಂಚು ಹಿಡಿದು, ಪರದೆಯ ಮೇಲಿನ ಹೆಸರುಗಳನ್ನು ನೋಡುತ್ತ ನಿಂತಳು. ಅವಳಿಗೆ ಆ ಅಕ್ಷರ ಓದಲು ಬರುತ್ತಿರಲಿಲ್ಲ.

"ನನ್ನದೂ ಬರಕೊಂಡ್ರ ನಡೀತೈತೇನ್ರಿ?" ಎಂದಳು. "ನನಗ ಕಾಗವಾಡದಾಗ ಚಂಪಾ ಅಂತಿದ್ರು. ಹಂಗ ಕರ್ಯಾವ್ರು ಈಗ ಯಾರೂ ಉಳದಿಲ್ಲ."

ಅವಳು ನಮ್ಮಲ್ಲಿ ಹೆತ್ತವಳಲ್ಲ. ಸಂಖ್ಯೆ ಇಲ್ಲದವರ ಹೆಸರನ್ನು ಹೆಸರಿನ ಫೈಲು ತೆಗೆದುಕೊಳ್ಳುವುದಿಲ್ಲ. ಆ ನಿಯಮ ಬರೆದವಳು ನಾನೇ, ಅದಕ್ಕಾಗಿ ಮಾಸ್ತರನಿಂದ ಶಹಬ್ಬಾಸ್‌ಗಿರಿಯನ್ನೂ ಪಡೆದಿದ್ದೆ. ತಾಯಿಯ ಫೈಲು ತೆರೆದು ಅವಳಿಗೊಂದು ಹೊಸ ಸಂಖ್ಯೆ ಕೊಟ್ಟೆ. ಆಮೇಲೆ ಹೆಸರಿನ ಫೈಲಿಗೆ ಹೋಗಿ ಚಂಪಾ ಎಂದು ಬರೆದೆ, ತವರಿನದು ಎಂದು ಪಕ್ಕದಲ್ಲಿ ಗುರುತು ಹಾಕಿದೆ.

"ಕುಂದರ್ರಿ ಚಂಪಾಬಾಯಿ," ಎಂದೆ. "ಮೊದಲ ಕೂಸು ಯಾವಾಗ ಹುಟ್ಟಿತ್ರಿ?"

ಅವಳು ಕುರ್ಚಿ ಎಳೆದುಕೊಂಡು ಕುಳಿತಳು.